ಓದುಗರು ಕೇಳಿದ್ದು: ಸೂಜಿಮೊನೆಗೆ ಅಂಟಿದ್ದೆಲ್ಲ ರಸಾಯನವಲ್ಲ

ಕಳೆದ ಸಂಚಿಕೆಯಲ್ಲಿ ತೆಂಗಿನ ನಾರಿನ ಬಗ್ಗೆ ಬರೆಯುವಾಗ, ಎಎಫ್‌ಎಂ (ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್) ಅನ್ನುವ, ಸೂಜಿಯಿಂದ ಮುಟ್ಟಿ ನೋಡುವ ಸೂಕ್ಷ್ಮದರ್ಶಕದ ಮೊನೆಗೆ ರಸಾಯನ ಹಚ್ಚಿ ನಾರನ್ನು ಮುಟ್ಟಿ ನೋಡುವ ವಿಧಾನದ ಬಗ್ಗೆ ಎರಡೇ ಸಾಲು ಹೇಳಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅದರ ಬಗ್ಗೆಯೇ ಜಾಸ್ತಿ. ನನಗೆ ಖುಷಿಯಾಯಿತು. ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಆ ಮಷಿನ್ ನಡೆಸುವುದೇ ನನ್ನ ಕೆಲಸ. ಬೇರೆಯವರು ತಂದುಕೊಡುವ ನಾರು, ಎಲೆ, ಮರದ ಚೂರುಗಳನ್ನು ಅಳೆದು ಕೊಡುತ್ತೇನೆ. ಹಾಗಾಗಿ ಇಡೀ ಅಂಕಣ ಈ ಸಲ ಇದಕ್ಕೇ.

ಪ್ರಶ್ನೆ: ಮೇಡಂ, ಸೂಜಿ ಮುಟ್ಟಿ ಆಕಾರ ಹೇಳುವುದು ಅರ್ಥವಾಗುತ್ತದೆ. ಆದರೆ ತಾನು ಮುಟ್ಟಿದ್ದು ಸೆಲ್ಯುಲೋಸೋ ಮೇಣವೋ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಮಕ್ಕಳಿಗೆ ಹೇಳಲು ಆಗುವ ಹಾಗೆ ತಿಳಿಸಿ.
— ಪ್ರೌಢಶಾಲೆ ವಿಜ್ಞಾನ ಶಿಕ್ಷಕಿ, ಹಿರಿಯೂರು

ಉತ್ತರ: ಟೀಚರ್, ಸೂಜಿ ಹೇಳುವುದು ಒಂದೇ ಒಂದು ವಿಷಯ: ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತು ಅನ್ನುವುದು. ಮುಟ್ಟಿದ್ದು ಏನು ಅನ್ನುವುದನ್ನು ಅದರಿಂದ ನಾವು ಲೆಕ್ಕ ಹಾಕಿ ತೆಗೆಯಬೇಕು.

ಈ ಸೂಕ್ಷ್ಮದರ್ಶಕವನ್ನು 1986ರಲ್ಲಿ ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್, ಕ್ರಿಸ್ಟೋಫ್ ಗರ್ಬರ್ ಜಗತ್ತಿಗೆ ತಿಳಿಸಿದರು. ಇದರ ಜೀವ ಇರುವುದು ಒಂದು ಸಣ್ಣ ಚಿಪ್‌ನಲ್ಲಿ. ಚಿಪ್‌ನ ಉದ್ದ 3.4 ಮಿಲಿಮೀಟರ್, ಅಗಲ 1.6 ಮಿಲಿಮೀಟರ್. ಅದರ ಅಂಚಿನಿಂದ ಕೂದಲಿಗಿಂತ ತೆಳ್ಳಗಿನ ಒಂದು ಪಟ್ಟಿ ಹೊರಗೆ ಚಾಚಿರುತ್ತದೆ. ಅದೇ ಕ್ಯಾಂಟಿಲಿವರ್. ಉದ್ದ 0.1ರಿಂದ 0.2 ಮಿಲಿಮೀಟರ್. ಆ ಪಟ್ಟಿಯ ತುದಿಯ ಕೆಳಗೆ ಮೊನೆ ಇರುತ್ತದೆ. ಲ್ಯಾಬ್‌ನಲ್ಲಿ ನಾವು ಟಿಪ್ ಅನ್ನುತ್ತೇವೆ. ಒಳ್ಳೆಯ ಟಿಪ್ ಆದರೆ ಅದರ ಕೊನೆಯ ದುಂಡಿನ ತ್ರಿಜ್ಯ 10–20 ನ್ಯಾನೋಮೀಟರ್ ಅಷ್ಟೇ.

ಪಟ್ಟಿಯ ಬೆನ್ನಿನ ಮೇಲೆ ಲೇಸರ್ ಬೀಳುತ್ತದೆ, ಅಲ್ಲಿಂದ ಹೊರಳಿ ಬೆಳಕು ಅಳೆಯುವ ಡಯೋಡ್‌ಗೆ ಹೋಗುತ್ತದೆ. ಪಟ್ಟಿ ಸ್ವಲ್ಪ ಬಾಗಿದರೂ ಬೆಳಕಿನ ಚುಕ್ಕೆ ಸರಿಯುತ್ತದೆ. ಈಗ ಟಿಪ್ಪನ್ನು ಮೆಲ್ಲಗೆ ಇಳಿಸಿ ನಾರನ್ನು ಮುಟ್ಟಿಸಿ. ಆಮೇಲೆ ಮೇಲಕ್ಕೆ ಎಳೆಯಿರಿ. ಅದು ತಕ್ಷಣ ಬಿಡುವುದಿಲ್ಲ. ಅಂಟಿಕೊಂಡೇ ಇರುತ್ತದೆ, ಪಟ್ಟಿ ಕೆಳಗೆ ಬಾಗುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಪಟ್ ಅಂತ ಬಿಟ್ಟು ಮೇಲೆ ಬರುತ್ತದೆ. ಪರದೆ ಮೇಲೆ ಗೆರೆ ಕೆಳಗಿಳಿದು ಒಮ್ಮೆಲೇ ಮೇಲೆ ಹಾರುವುದು ಕಾಣುತ್ತದೆ. ಆ ಹಾರಿದ ಎತ್ತರವನ್ನು ಪಟ್ಟಿಯ ಬಿಗಿತದಿಂದ ಗುಣಿಸಿದರೆ ಅಂಟಿನ ಬಲ ಸಿಗುತ್ತದೆ. ಪಿಯುಸಿಯಲ್ಲಿ ಬರುವ ಹುಕ್ ನಿಯಮವೇ ಇದು, ಬೇರೇನೂ ಇಲ್ಲ. ಸಿಗುವ ಬಲ ಸಾಮಾನ್ಯವಾಗಿ ಕೆಲವು ನ್ಯಾನೋನ್ಯೂಟನ್. 2 ಮಿಲಿಗ್ರಾಂ ತೂಗುವ ಒಂದು ಸೊಳ್ಳೆಯ ಭಾರವೇ ಸುಮಾರು 20,000 ನ್ಯಾನೋನ್ಯೂಟನ್ ಆಗುತ್ತದೆ ಅಂದರೆ ಮಕ್ಕಳಿಗೆ ಅಂದಾಜು ಸಿಗುತ್ತದೆ.

ಇನ್ನು ರಸಾಯನದ ಮಾತು. ಟಿಪ್ ಸಾಮಾನ್ಯವಾಗಿ ಸಿಲಿಕಾನ್ ಅಥವಾ ಸಿಲಿಕಾನ್ ನೈಟ್ರೈಡ್‌ನದು. ಅದಕ್ಕೆ ಮೊದಲು ಕ್ರೋಮಿಯಂ ಅಥವಾ ಟೈಟಾನಿಯಂನ ತೆಳು ಪದರ ಕೊಡುತ್ತೇವೆ, ಅದರ ಮೇಲೆ ಚಿನ್ನ. ಬರೀ ಚಿನ್ನ ಹಾಕಿದರೆ ಕಿತ್ತು ಬರುತ್ತದೆ. ಆಮೇಲೆ ಥಯಾಲ್ ಅನ್ನುವ ಗಂಧಕದ ಸಂಯುಕ್ತ ಕರಗಿಸಿದ ಎಥನಾಲ್‌ನಲ್ಲಿ ಒಂದು ರಾತ್ರಿ ನೆನೆಸುತ್ತೇವೆ. ಅಡುಗೆ ಗ್ಯಾಸ್ ಸೋರಿದರೆ ಗೊತ್ತಾಗಲಿ ಅಂತ ಬೆರೆಸುವ ಈಥೈಲ್ ಮರ್ಕಾಪ್ಟಾನ್ ಕೂಡ ಥಯಾಲೇ, ಹಾಗಾಗಿ ವಾಸನೆ ಎಂಥದ್ದು ಅಂತ ನಿಮಗೆ ಗೊತ್ತು. ಥಯಾಲ್‌ನ ಗಂಧಕದ ತುದಿ ಚಿನ್ನವನ್ನು ಹಿಡಿಯುತ್ತದೆ. ಇನ್ನೊಂದು ತುದಿ ಹೊರಗೆ ಮುಖ ಮಾಡಿ ನಿಲ್ಲುತ್ತದೆ. ಆ ಹೊರತುದಿಯಲ್ಲಿ ಯಾವ ಪರಮಾಣು ಗುಂಪು ಇರಬೇಕು ಅನ್ನುವುದು ನಮ್ಮ ಆಯ್ಕೆ. ಮೀಥೈಲ್ ಇಟ್ಟರೆ ನೀರನ್ನು ದೂರ ಇಡುವ ಟಿಪ್. ಹೈಡ್ರಾಕ್ಸಿಲ್ ಇಟ್ಟರೆ ನೀರಿಗೆ ಒಗ್ಗುವ ಟಿಪ್. ಕಾರ್ಬಾಕ್ಸಿಲ್ ಇಟ್ಟರೆ ಆಮ್ಲದ ಟಿಪ್.

ಇದನ್ನು ಮೊದಲು ಮಾಡಿ ತೋರಿಸಿದ್ದು ಹಾರ್ವರ್ಡ್‌ನ ಚಾರ್ಲ್ಸ್ ಲೀಬರ್ ಅವರ ತಂಡ, 1994ರಲ್ಲಿ. ಎಥನಾಲ್ ಒಳಗೆ ಅಳೆದಾಗ ಕಾರ್ಬಾಕ್ಸಿಲ್‌ಗೆ ಕಾರ್ಬಾಕ್ಸಿಲ್ ಸುಮಾರು 2.3 ನ್ಯಾನೋನ್ಯೂಟನ್ ಬಲದಿಂದ ಅಂಟಿತು. ಮೀಥೈಲ್‌ಗೆ ಮೀಥೈಲ್ ಸುಮಾರು 1. ಕಾರ್ಬಾಕ್ಸಿಲ್‌ಗೆ ಮೀಥೈಲ್ ಬರೀ 0.3. ಅವರವರ ಕುಲದವರಿಗೆ ಅವರವರು ಜಾಸ್ತಿ ಅಂಟುತ್ತಾರೆ. ಅದೇ ಮೀಥೈಲ್ ಜೋಡಿಯನ್ನು ನೀರಿನಲ್ಲಿ ಅಳೆದರೆ ಲೆಕ್ಕ ತಿರುಗಾಮುರುಗಾ ಆಗುತ್ತದೆ. ನೀರು ಅವೆರಡನ್ನೂ ಒಟ್ಟಿಗೆ ತಳ್ಳುವುದರಿಂದ ಅಂಟು ಜೋರಾಗುತ್ತದೆ.

ಗಿಡದ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ತುಂಬ ಹೈಡ್ರಾಕ್ಸಿಲ್. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಪೆಕ್ಟಿನ್‌ನಲ್ಲಿ ಕಾರ್ಬಾಕ್ಸಿಲ್. ಗೋಡೆಯನ್ನು ಗಟ್ಟಿ ಮಾಡುವ ಲಿಗ್ನಿನ್ ಮತ್ತು ಮೇಣ ನೀರಿನಿಂದ ದೂರ ಇರುವಂಥವು. ಹಾಗಾಗಿ ನೀರಿನೊಳಗೆ ಮೀಥೈಲ್ ಟಿಪ್ ಎಲ್ಲಿ ಜಾಸ್ತಿ ಅಂಟುತ್ತದೋ ಅಲ್ಲಿ ಲಿಗ್ನಿನ್ ಅಥವಾ ಮೇಣ ಇರಬಹುದು. ಈ 'ಇರಬಹುದು' ಅನ್ನುವ ಮಾತನ್ನು ಮಕ್ಕಳಿಗೂ ಹಾಗೇ ಹೇಳಿ. ಯಾಕೆ ಅಂತ ಧಾರವಾಡದ ಪತ್ರಕ್ಕೆ ಕೊಟ್ಟ ಉತ್ತರದಲ್ಲಿದೆ.

ಪ್ರಶ್ನೆ: ತಾಯಿ, ನಾವು ತೆಂಗಿನ ನಾರಿಗೆ ಪಾಲಿಯೆಸ್ಟರ್ ರೆಸಿನ್ ಹಾಕಿ ಒತ್ತಿ ಶೀಟ್ ಮಾಡುತ್ತೇವೆ. ಮುರಿದು ನೋಡಿದರೆ ನಾರು ನುಣ್ಣಗೆ ಕಳಚಿ ಬರುತ್ತದೆ, ರೆಸಿನ್ ಹಿಡಿದಿರುವುದಿಲ್ಲ. ನಿಮ್ಮ ಈ ಪರೀಕ್ಷೆ ಮಾಡಿಸಿದರೆ ಪರಿಹಾರ ಸಿಗುತ್ತದಾ? ಎಷ್ಟು ಖರ್ಚಾದರೂ ಪರವಾಗಿಲ್ಲ.
— ನಾರಿನ ಘಟಕದ ಮಾಲೀಕರು, ತಿಪಟೂರು

ಉತ್ತರ: ಅಣ್ಣ, ಖರ್ಚು ಮಾಡಬೇಡಿ. ಈಗಲೇ ಬೇಡ.

ನಾರು ನುಣ್ಣಗೆ ಕಳಚಿ ಬರುತ್ತದೆ ಅಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ರೆಸಿನ್ ಚೆನ್ನಾಗಿ ಹಿಡಿದಿದ್ದರೆ ಮುರಿದ ಜಾಗದಲ್ಲಿ ನಾರು ಹರಿದಿರಬೇಕು, ಅದರ ಮೈಮೇಲೆ ರೆಸಿನ್ ಚೂರುಗಳು ಉಳಿದಿರಬೇಕು. ತೆಂಗಿನ ನಾರಿನ ಮೇಲ್ಮೈಯಲ್ಲಿ ಮೇಣದಂಥ ಪದರ ಇರುತ್ತದೆ. ರೆಸಿನ್ ಆ ಪದರಕ್ಕೆ ಅಂಟುತ್ತದೆ, ಪದರ ನಾರಿನಿಂದ ಬಿಟ್ಟುಹೋಗುತ್ತದೆ. ನಾರಿನ ಒಳಗೂ ಲಿಗ್ನಿನ್ ಜಾಸ್ತಿ, ನೂರಕ್ಕೆ ಸುಮಾರು 40ರಿಂದ 45 ಭಾಗ. ಸೆಣಬಿನಲ್ಲಿ ಅದು ಸುಮಾರು 12. ಹತ್ತಿಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹೀಗಾಗಿ ಸೆಣಬಿಗೆ ಒಗ್ಗಿದ ವಿಧಾನ ನಿಮ್ಮ ನಾರಿಗೆ ಹಾಗೇ ಒಗ್ಗುತ್ತದೆ ಅಂತ ಹೇಳಲಾಗದು.

ಮೊದಲು ಇದನ್ನು ಮಾಡಿ ನೋಡಿ. ಕಾಸ್ಟಿಕ್ ಸೋಡಾವನ್ನು ನೂರಕ್ಕೆ 5ರ ಲೆಕ್ಕದಲ್ಲಿ ನೀರಿಗೆ ಹಾಕಿ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು, ಬಿಸಿಯೆದ್ದು ಸಿಡಿಯುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು. ಒಂದೇ ಕಂತೆಯ ನಾರನ್ನು ನಾಲ್ಕು ಪಾಲು ಮಾಡಿ. ಒಂದನ್ನು ಹಾಗೇ ಬಿಡಿ. ಉಳಿದವನ್ನು ಬೇರೆ ಬೇರೆ ಹೊತ್ತು ನೆನೆಸಿ. ಆಮೇಲೆ ನೀರಿನಲ್ಲಿ ತೊಳೆಯಿರಿ, ಕೊನೆಗೆ ಸ್ವಲ್ಪ ವಿನೆಗರ್ ಬೆರೆಸಿದ ನೀರಿನಲ್ಲೂ ಅದ್ದಿ ಮತ್ತೆ ತೊಳೆದು ಪೂರ್ತಿ ಒಣಗಿಸಿ. ಒದ್ದೆ ನಾರಿಗೆ ಪಾಲಿಯೆಸ್ಟರ್ ಹಿಡಿಯುವುದಿಲ್ಲ. ತೊಳೆದ ಕಾಸ್ಟಿಕ್ ನೀರನ್ನು ತೋಟಕ್ಕೋ ಕೆರೆಗೋ ಬಿಡಬೇಡಿ, ಆಮ್ಲ ಸೇರಿಸಿ ಸಮ ಮಾಡಿಯೇ ಹೊರಗೆ ಬಿಡಬೇಕು.

ಕಾಸ್ಟಿಕ್ ಮೇಣವನ್ನು ತೆಗೆಯುತ್ತದೆ, ಹೆಮಿಸೆಲ್ಯುಲೋಸ್ ಸ್ವಲ್ಪ ಕರಗಿಸುತ್ತದೆ, ಮೈಯನ್ನು ಒರಟು ಮಾಡುತ್ತದೆ. ತೆಂಗಿನ ನಾರಿನ ಮೇಲೆ ಸಾಲಾಗಿ ಗುಂಡುಗುಂಡು ಉಬ್ಬುಗಳು ಕೂತಿರುತ್ತವೆ. ಅವು ಕಿತ್ತುಹೋದರೆ ಕೆಳಗೆ ಕುಳಿ ಕಾಣುತ್ತದೆ, ರೆಸಿನ್ ಅದರೊಳಗೆ ಇಳಿದು ಹಿಡಿಯುತ್ತದೆ. ಆದರೆ ನೆನೆಸಿದ್ದು ಅತಿಯಾದರೆ ನಾರೇ ಸೋಲುತ್ತದೆ. ಅದಕ್ಕೇ ನಾಲ್ಕು ಪಾಲು ಮಾಡಲು ಹೇಳಿದ್ದು. ನಾಲ್ಕರಿಂದಲೂ ಸಣ್ಣ ಶೀಟ್ ಒತ್ತಿ, ಮುರಿದು, ಮುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ.

ಅಷ್ಟೆಲ್ಲ ಮಾಡಿದ ಮೇಲೂ ಹಿಡಿಯಲಿಲ್ಲ, ಅಥವಾ ಒಂದು ಕಂತೆ ಹಿಡಿದು ಇನ್ನೊಂದು ಹಿಡಿಯುತ್ತಿಲ್ಲ ಅಂದರೆ, ಆಗ ಟಿಪ್ ಪರೀಕ್ಷೆಗೆ ಅರ್ಥ ಇದೆ. ಮೇಲೆ ಉಳಿದಿರುವುದು ಮೇಣವೋ, ಲಿಗ್ನಿನ್ನೋ, ಬರಿ ಸೆಲ್ಯುಲೋಸೋ ಅನ್ನುವ ಸುಳಿವು ಅದರಿಂದ ಸಿಗಬಹುದು. ನಾರನ್ನೂ ರೆಸಿನ್ನನ್ನೂ ಸೇರಿಸಿ ಹಿಡಿಯುವ ಸಿಲೇನ್ ಥರದ ಮಧ್ಯಸ್ಥ ರಸಾಯನ ಬೇಕಾ ಅಂತ ಅದನ್ನು ನೋಡಿ ತೀರ್ಮಾನಿಸಬಹುದು. ಅಳೆಯುವುದು ಕೆಲವೇ ಮೈಕ್ರಾನ್ ಜಾಗ, ನಿಮ್ಮ ಹತ್ತಿರ ಇರುವುದು ಟನ್ನುಗಟ್ಟಲೆ ನಾರು. ಆ ಅಂತರ ನೆನಪಿರಲಿ.

ಪ್ರಶ್ನೆ: ನಾನು ಬಾಳೆ ನಾರಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಕಾರ್ಬಾಕ್ಸಿಲ್ ಟಿಪ್, ಮೀಥೈಲ್ ಟಿಪ್ ಎರಡರಲ್ಲೂ ಗಾಳಿಯಲ್ಲಿ ಅಳೆದೆ. ಎಲ್ಲ ಕಡೆ 35–40 ನ್ಯಾನೋನ್ಯೂಟನ್ ಬರುತ್ತದೆ. ಗೈಡ್ ಇದನ್ನು 'ಮೇಲ್ಮೈ ಏಕರೂಪ' ಅಂತ ಬರೆಯಲು ಹೇಳುತ್ತಾರೆ. ಬರೆಯಬಹುದಾ ಮೇಡಂ? ಟಿಪ್‌ನ ತ್ರಿಜ್ಯ ಚಿನ್ನ ಹಾಕಿದ ಮೇಲೆ ಸುಮಾರು 40 ನ್ಯಾನೋಮೀಟರ್.
— ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಉತ್ತರ: ದಯವಿಟ್ಟು ಬರೆಯಬೇಡಿ. ನೀವು ಅಳೆದಿರುವುದು ಹೆಚ್ಚುಕಡಿಮೆ ನೀರನ್ನು.

ಗಾಳಿಯಲ್ಲಿ ಸಾಕಷ್ಟು ತೇವ ಇರುತ್ತದೆ, ನಿಮ್ಮ ಊರಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಟಿಪ್ ಮತ್ತು ನಾರು ಹತ್ತಿರ ಬಂದಾಗ ನಡುವೆ ನೀರಿನ ಸಣ್ಣ ಕುತ್ತಿಗೆ ಕಟ್ಟಿಕೊಳ್ಳುತ್ತದೆ. ಅದೇ ಎಳೆಯುತ್ತದೆ. ಇದಕ್ಕೆ ಸರಳ ಲೆಕ್ಕ ಇದೆ: 4 ಪೈ, ಇಂಟು ತ್ರಿಜ್ಯ, ಇಂಟು ನೀರಿನ ಮೇಲ್ಮೈ ಎಳೆತ (ಸರ್ಫೇಸ್ ಟೆನ್ಷನ್). ನಿಮ್ಮ 40 ನ್ಯಾನೋಮೀಟರ್, ನೀರಿನ 0.072 ನ್ಯೂಟನ್ ಪ್ರತಿ ಮೀಟರ್ ಹಾಕಿ. 36 ನ್ಯಾನೋನ್ಯೂಟನ್ ಬರುತ್ತದೆ. ನಿಮಗೆ ಬಂದಿರುವುದೂ ಅದೇ ಅಲ್ವಾ? ಕಾರ್ಬಾಕ್ಸಿಲ್‌ಗೂ ಸೆಲ್ಯುಲೋಸ್‌ಗೂ ಇರುವ ಸಂಬಂಧ ಆ ನೀರಿನಲ್ಲಿ ಮುಳುಗಿಹೋಗಿದೆ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಜಾಸ್ತಿ ಚಿಂತೆ ತಂದಿದೆ. ಆ ಲೆಕ್ಕ ಎರಡೂ ಮೈ ನೀರಿಗೆ ಪೂರ್ತಿ ಒಗ್ಗಿದಾಗಿನದು. ಮೀಥೈಲ್ ಟಿಪ್‌ಗೆ ನೀರು ಒಗ್ಗುವುದಿಲ್ಲ. ಅದರಲ್ಲಿ ನೀರಿನ ಎಳೆತ ಅರ್ಧಕ್ಕಿಂತಲೂ ಕಡಿಮೆ ಇರಬೇಕಿತ್ತು. ಎರಡೂ ಟಿಪ್ ಒಂದೇ ಅಂಕಿ ಕೊಡುತ್ತಿವೆ ಅಂದರೆ ನಿಮ್ಮ ಮೀಥೈಲ್ ಟಿಪ್ ಈಗ ಮೀಥೈಲ್ ಆಗಿ ಉಳಿದಿಲ್ಲ. ಪದರ ಸರಿಯಾಗಿ ಕೂತಿಲ್ಲ, ಇಲ್ಲವೇ ಮೊದಲ ಸ್ಕ್ಯಾನ್‌ನಲ್ಲೇ ಸವೆದುಹೋಗಿದೆ, ಇಲ್ಲವೇ ನಾರಿನ ಕೊಳೆ ಮೆತ್ತಿಕೊಂಡಿದೆ.

ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಟಿಪ್‌ಗೆ ಚಿನ್ನ ಹಾಕುವಾಗಲೇ ಪಕ್ಕದಲ್ಲಿ ಒಂದು ಗಾಜಿನ ಚೂರಿಗೂ ಹಾಕಿಸಿ. ಟಿಪ್ ನೆನೆಸಿದ ಅದೇ ಸೀಸೆಯಲ್ಲಿ ಅದನ್ನೂ ನೆನೆಸಿ. ಬೆಳಗ್ಗೆ ತೆಗೆದು ಎಥನಾಲ್‌ನಲ್ಲಿ ತೊಳೆದು ಒಂದು ಹನಿ ನೀರು ಬಿಡಿ. ಮೀಥೈಲ್ ಆದರೆ ಹನಿ ದುಂಡಗೆ ನಿಲ್ಲಬೇಕು, ಹನಿಯ ಅಂಚು ಗಾಜನ್ನು ಸೇರುವ ಕಡೆಯ ಕೋನ ಸುಮಾರು 110 ಡಿಗ್ರಿ. ಹೈಡ್ರಾಕ್ಸಿಲ್, ಕಾರ್ಬಾಕ್ಸಿಲ್ ಆದರೆ ಹನಿ ಹರಡಿಕೊಳ್ಳಬೇಕು. ಹನಿ ಸರಿ ನಿಲ್ಲದಿದ್ದರೆ ಆ ಕಂತಿನ ಟಿಪ್‌ಗಳನ್ನು ಮಷಿನ್‌ಗೆ ಹಾಕಲೇಬೇಡಿ. ಆ ಗಾಜಿನ ಚೂರೇ ಆಮೇಲೆ ನಿಮ್ಮ ಸಾಕ್ಷಿ. ನಾರು ಮುಟ್ಟುವ ಮೊದಲು ಟಿಪ್ಪನ್ನು ಅದರ ಮೇಲೆ ಅಳೆಯಿರಿ, ನಾರು ಮುಗಿದ ಮೇಲೆ ಮತ್ತೆ ಅದರ ಮೇಲೆ ಅಳೆಯಿರಿ. ಮೊದಲಿನ ಅಂಕಿಗೂ ಕೊನೆಯ ಅಂಕಿಗೂ ತಾಳೆಯಾಗದಿದ್ದರೆ ನಡುವಿನ ಡೇಟಾ ಎಲ್ಲ ಬಿಟ್ಟುಬಿಡಿ. ಕರುಳು ಚುರ್ ಅನ್ನುತ್ತದೆ, ಗೊತ್ತು. ಆದರೂ ಬಿಡಿ. ಥಯಾಲ್ ಪದರ ಗಾಳಿಯಲ್ಲಿ ಕೆಡುತ್ತಾ ಹೋಗುತ್ತದೆ, ಹಾಗಾಗಿ ಮಾಡಿದ ಟಿಪ್ಪನ್ನು ತಿಂಗಳುಗಟ್ಟಲೆ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಡಿ.

ಈಗ ಅಳೆಯುವ ಕ್ರಮ. ಪೂರ್ತಿ ನೀರಿನೊಳಗೆ ಅಳೆಯಿರಿ. ಸುತ್ತಲೂ ನೀರೇ ಇದ್ದರೆ ಆ ಕುತ್ತಿಗೆ ಕಟ್ಟುವುದಿಲ್ಲ. ಬಾಳೆ ನಾರು ನೀರು ಕುಡಿದು ಉಬ್ಬುತ್ತದೆ, ಆ ಚಲನೆ ನಿಲ್ಲುವವರೆಗೂ ಕಾಯಿರಿ. ನಾರನ್ನು ಎರಡು ಬದಿ ಅಂಟಿನ ಟೇಪ್ ಮೇಲೆ ಕೂರಿಸಬೇಡಿ, ಟೇಪ್‌ನ ಅಂಟು ಮೆಲ್ಲಗೆ ಮೇಲೆ ಹರಿದು ಬರುತ್ತದೆ. ಎರಡು ತುದಿಗೆ ಮಾತ್ರ ಎಪಾಕ್ಸಿ ಇಟ್ಟು, ಅದು ಪೂರ್ತಿ ಗಟ್ಟಿಯಾದ ಮೇಲೆ ನಡುವಿನ ಭಾಗವನ್ನು ಅಳೆಯಿರಿ. ಬೆರಳಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಒಂದು ಒಳ್ಳೆಯ ಮೇಣದ ಹಾಗೇ ಅಂಕಿ ಕೊಡುತ್ತದೆ. ಕ್ಯಾಂಟಿಲಿವರ್‌ನ ಬಿಗಿತವನ್ನು ಡಬ್ಬಿ ಮೇಲೆ ಬರೆದ ಅಂಕಿಯಿಂದ ತೆಗೆದುಕೊಳ್ಳಬೇಡಿ. ಚಿನ್ನ ಹಾಕಿದ ಮೇಲೆ ಅದು ಬದಲಾಗಿರುತ್ತದೆ. ಪಟ್ಟಿ ತನ್ನಷ್ಟಕ್ಕೆ ಶಾಖದಿಂದ ನಡುಗುವುದನ್ನು ಅಳೆದು ಬಿಗಿತ ಲೆಕ್ಕ ಹಾಕುವ ಥರ್ಮಲ್ ವಿಧಾನ ನಿಮ್ಮ ಸಾಫ್ಟ್‌ವೇರ್‌ನಲ್ಲೇ ಇರುತ್ತದೆ.

ಇಷ್ಟಾದ ಮೇಲೂ ಒಂದು ಬಲೆ ಉಳಿಯುತ್ತದೆ, ಅದು ಆಕಾರದ್ದು. ಗಿಡದ ಮೇಲ್ಮೈ ಗಾಜಿನಂತೆ ಸಮತಟ್ಟಲ್ಲ. ಟಿಪ್ ಒಂದು ತಗ್ಗಿಗೆ ಇಳಿದರೆ ಪಕ್ಕದ ಗೋಡೆಗಳೂ ಅದನ್ನು ಮುಟ್ಟುತ್ತವೆ. ಮುಟ್ಟುವ ಜಾಗ ಜಾಸ್ತಿ, ಅಂಟೂ ಜಾಸ್ತಿ. ಉಬ್ಬಿನ ನೆತ್ತಿಯಲ್ಲಿ ಕಡಿಮೆ. ಚಿತ್ರ ನೋಡಿದರೆ ಎರಡು ಬೇರೆ ವಸ್ತು ಇದ್ದ ಹಾಗೇ ಕಾಣುತ್ತದೆ, ಇರುವುದು ಒಂದೇ. ಈ ವಿಧಾನದಲ್ಲಿ ಗಿಡದ ನಾರಿನ ಮೇಲೆ ಬಂದ ಚಂದದ ಬಣ್ಣದ ನಕ್ಷೆ ನೋಡಿದಾಗಲೆಲ್ಲ ನಾನು ಮೊದಲು ಕೇಳುವುದು ಪಕ್ಕದ ಎತ್ತರದ ನಕ್ಷೆಯನ್ನು. ಎರಡೂ ಒಂದೇ ಥರ ಕಂಡರೆ ಅನುಮಾನ ಪಡಲೇಬೇಕು.

ಇದಕ್ಕೆ ನಾನು ನಂಬುವ ದಾರಿ: ಒಂದೇ ಜಾಗವನ್ನು ಎದುರುಬದುರು ಸ್ವಭಾವದ ಎರಡು ಟಿಪ್‌ಗಳಿಂದ ಅಳೆಯುವುದು. ಒಂದು ಮೀಥೈಲ್, ಇನ್ನೊಂದು ಹೈಡ್ರಾಕ್ಸಿಲ್. ಎರಡೂ ಟಿಪ್ ಅದೇ ತಗ್ಗಿನಲ್ಲಿ ಜಾಸ್ತಿ ಅಂಟಿದರೆ ಅದು ಆಕಾರ. ಮೀಥೈಲ್ ಜಾಸ್ತಿ ಅಂಟಿ ಹೈಡ್ರಾಕ್ಸಿಲ್ ಕಡಿಮೆ ಅಂಟಿದರೆ ಅದು ರಸಾಯನ. ಟಿಪ್ ಬದಲಿಸಿ ಮತ್ತೆ ಅದೇ ಜಾಗಕ್ಕೆ ಬರುವುದು ತಲೆನೋವಿನ ಕೆಲಸ, ನಿಜ. ನಾರಿನ ಪಕ್ಕ ಬ್ಲೇಡಿನಲ್ಲಿ ಒಂದು ಗೀರು ಹಾಕಿಕೊಂಡರೆ ದಾರಿ ಸಿಗುತ್ತದೆ. ಟಿಪ್ಪನ್ನು ಮೇಲ್ಮೈ ಮೇಲೆ ಉಜ್ಜುತ್ತಾ ಹೋಗಬೇಡಿ. ಚುಕ್ಕೆ ಚುಕ್ಕೆಯಾಗಿ ಇಳಿಸಿ, ಎತ್ತಿ, ಪಕ್ಕಕ್ಕೆ ಹೋಗಿ. ಒಂದೊಂದು ಬಗೆಯ ಜಾಗದಲ್ಲೂ ನೂರಾರು ಫೋರ್ಸ್ ಕರ್ವ್ (ಟಿಪ್ ಇಳಿಸಿ ಎತ್ತಿದಾಗ ಪರದೆ ಮೇಲೆ ಬರುವ ಗೆರೆ) ತೆಗೆದು, ಸರಾಸರಿ ಒಂದನ್ನೇ ಅಲ್ಲ, ಅವು ಹೇಗೆ ಹರಡಿವೆ ಅನ್ನುವುದನ್ನೂ ತೋರಿಸಿ.

ಕಾರ್ಬಾಕ್ಸಿಲ್ ಟಿಪ್ಪನ್ನು ಬಿಡಬೇಡಿ, ಬಾಳೆ ನಾರಿನಲ್ಲಿ ಪೆಕ್ಟಿನ್ ಇದೆ. ಆಮ್ಲದ ನೀರಿನಲ್ಲಿ, ಅಂದರೆ ಪಿಎಚ್ 3ರ ಹತ್ತಿರ ಒಮ್ಮೆ, ಪಿಎಚ್ 8ರ ಹತ್ತಿರ ಒಮ್ಮೆ ಅಳೆಯಿರಿ. 8ರಲ್ಲಿ ಟಿಪ್‌ಗೂ ಪೆಕ್ಟಿನ್‌ಗೂ ಋಣ ವಿದ್ಯುತ್ತು ಬಂದು ಒಂದನ್ನೊಂದು ತಳ್ಳಬೇಕು. ಅಂಟು ಬಿದ್ದುಹೋದರೆ ನೀವು ನಿಜವಾಗಿ ಕಾರ್ಬಾಕ್ಸಿಲ್ಲನ್ನೇ ಮುಟ್ಟುತ್ತಿದ್ದೀರಿ ಅಂತ ಧೈರ್ಯವಾಗಿ ಹೇಳಬಹುದು. ಆಕಾರ ಪಿಎಚ್ ನೋಡಿ ಇಷ್ಟೊಂದು ಬದಲಾಗುವುದಿಲ್ಲವಲ್ಲ. ಗೈಡ್‌ಗೆ ಈ 36ರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ. ಲೆಕ್ಕ ನೋಡಿದರೆ ಒಪ್ಪುತ್ತಾರೆ.

ಪ್ರಶ್ನೆ: ಕಾಗದದ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದವನು ನಾನು. ಲಿಗ್ನಿನ್ ಎಷ್ಟಿದೆ ಅಂತ ನಮಗೆ ಕಪ್ಪಾ ನಂಬರ್ ಹೇಳುತ್ತಿತ್ತು. ಈ ಸೂಜಿ ಅದಕ್ಕಿಂತ ಹೊಸದೇನು ಹೇಳುತ್ತದೆ?
— ನಿವೃತ್ತರು, ಭದ್ರಾವತಿ

ಉತ್ತರ: ಸರ್, ಕಪ್ಪಾ ನಂಬರ್ ಕಾಗದ ಮಾಡುವ ನಾರಿನ ಮುದ್ದೆಯ, ಅಂದರೆ ಇಡೀ ಪಲ್ಪ್‌ನ ಲೆಕ್ಕ. ಲಿಗ್ನಿನ್ ನಾರಿನ ಒಳಗಿದೆಯೋ ಹೊರಮೈ ಮೇಲಿದೆಯೋ ಅದು ಹೇಳುವುದಿಲ್ಲ. ಮರವನ್ನು ಕಾಸ್ಟಿಕ್ ಮತ್ತು ಸಲ್ಫೈಡ್‌ನಲ್ಲಿ ಬೇಯಿಸಿ ಮಾಡುವ ಕ್ರಾಫ್ಟ್ ಪಲ್ಪ್‌ನಲ್ಲಿ ನಾರಿನ ಮೈಮೇಲೆ ಲಿಗ್ನಿನ್‌ನ ಪಾಲು ಒಳಗಿಗಿಂತ ಜಾಸ್ತಿ ಇರುವುದು ಬೇರೆ ಪರೀಕ್ಷೆಗಳಿಂದಲೂ ಗೊತ್ತಾಗಿದೆ. ಕಾಗದದ ಗಟ್ಟಿತನ ನಿಂತಿರುವುದು ನಾರಿಗೂ ನಾರಿಗೂ ಮೈಯಲ್ಲಿ ಆಗುವ ಹೈಡ್ರೋಜನ್ ಬಂಧದ ಮೇಲೆ ಅಂತ ನಿಮಗೆ ಹೇಳಬೇಕಿಲ್ಲ. ಹಾಗಾಗಿ ಮೈಮೇಲಿನ ಲಿಗ್ನಿನ್ ಎಲ್ಲಿ ಕೂತಿದೆ ಅನ್ನುವುದು ಮುಖ್ಯ.

2005ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಸೆಲ್ಯುಲೋಸ್ ನಾರಿನ ಮೇಲೆ ಈ ಬಗೆಯ ಟಿಪ್ ಇಟ್ಟು ಅಳೆದರು. ಆಮೇಲೆ ದಕ್ಷಿಣ ಆಫ್ರಿಕಾದ ಸ್ಟೆಲನ್‌ಬಾಷ್ ವಿಶ್ವವಿದ್ಯಾಲಯದಲ್ಲಿ ನೀಲಗಿರಿ ಮರದ ನಾರಿನ ಮೇಲೆ ಮಾಡಿದರು. ಮರದ ತಳಿ, ಬೆಳೆದ ಜಾಗ ಬದಲಾದರೆ ನಾರಿನ ಮೈಮೇಲಿನ ಸೆಲ್ಯುಲೋಸ್, ಲಿಗ್ನಿನ್ ಬದಲಾಗುತ್ತದಾ ಅನ್ನುವುದು ಅವರ ಪ್ರಶ್ನೆ. ನಮ್ಮಲ್ಲಿ ಇಷ್ಟೊಂದು ನೀಲಗಿರಿ ಬೆಳೆದಿದ್ದೇವೆ, ಇಂಥ ಪ್ರಶ್ನೆ ನಾವೂ ಕೇಳಬೇಕು ಅಂತ ನನಗೆ ಬಹಳ ಆಸೆ.

ಥಯಾಲ್ ಬದಲು, ಸೆಲ್ಯುಲೋಸನ್ನೇ ಹುಡುಕಿ ಹಿಡಿಯುವ ಪ್ರೋಟೀನ್ ತುಂಡನ್ನು ಟಿಪ್‌ಗೆ ಕಟ್ಟುವವರೂ ಇದ್ದಾರೆ. ಅಂಥ ಪ್ರೋಟೀನ್ ಸೆಲ್ಯುಲೋಸ್ ಒಡೆಯುವ ಕಿಣ್ವಗಳಲ್ಲಿ ಸಿಗುತ್ತದೆ. ಮೀಥೈಲ್‌ಗೆ ಮೇಣವೂ ಒಂದೇ ಲಿಗ್ನಿನ್ನೂ ಒಂದೇ. ಪ್ರೋಟೀನ್ ಹಾಗಲ್ಲ, ಅದರ ಆಯ್ಕೆ ಬಹಳ ಕಟ್ಟುನಿಟ್ಟು. ಮುಂದಿನ ಕೆಲಸ ಆ ಕಡೆ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಹತ್ತರಿ ಹೊಡೆದು ನಯ ಮಾಡಿದ ಹಲಗೆಯನ್ನು ಅವತ್ತೇ ಅಂಟಿಸಬೇಕು, ಹಳೆಯದಾದರೆ ಅಂಟು ಹಿಡಿಯಲ್ಲ ಅಂತ ನಮ್ಮ ತಂದೆ ಹೇಳುತ್ತಿದ್ದರು. ಇದರಲ್ಲಿ ಏನಾದರೂ ಸತ್ಯ ಇದೆಯಾ?
— ಮರಗೆಲಸ ಮಾಡುವವರು, ಸಾಗರ

ಉತ್ತರ: ಪೂರ್ತಿ ಸತ್ಯ. ಮರದ ಒಳಗೆ ಎಣ್ಣೆ, ರಾಳ, ಕೊಬ್ಬಿನಂಥ ವಸ್ತುಗಳಿವೆ. ಹೊಸದಾಗಿ ಕೊಯ್ದ ಮೈಗೆ ಅವು ಮೆಲ್ಲಗೆ ಹೊರಬಂದು ಕೂರುತ್ತವೆ. ತೇಗದಂಥ ಎಣ್ಣೆ ಮರದಲ್ಲಿ ಇನ್ನೂ ಜಾಸ್ತಿ. ನೀರಿನ ಅಂಟು ಆ ಪದರದ ಮೇಲೆ ಹರಡುವುದಿಲ್ಲ. ಹೊಸ ಮೈ ಮೇಲೆ ಒಂದು ಹನಿ ನೀರು ಬಿಡಿ, ಇಂಗುತ್ತದೆ. ಅದೇ ಹಲಗೆಯನ್ನು ಕೆಲವು ವಾರ ಬಿಟ್ಟು ಮತ್ತೆ ಬಿಡಿ, ಹನಿ ಹೆಚ್ಚು ಹೊತ್ತು ನಿಂತಿರುತ್ತದೆ. ಅಂಟಿಸುವ ಮುಂಚೆ ಇನ್ನೊಮ್ಮೆ ತೆಳ್ಳಗೆ ಹತ್ತರಿ ಹೊಡೆದರೆ ಸಾಕು. ನಿಮ್ಮ ತಂದೆಯವರ ಈ ಮಾತನ್ನು ನನ್ನ ಹತ್ತಿರ ಮರದ ಮಾದರಿ ತರುವವರಿಗೂ ಹೇಳುತ್ತೇನೆ: ಇವತ್ತು ಅಳೆಯುವುದಾದರೆ ಇವತ್ತೇ ಕತ್ತರಿಸಿ. ಹಳೆಯ ಮೈ ಮೇಲೆ ಮೀಥೈಲ್ ಟಿಪ್ ಜೋರಾಗಿ ಅಂಟಿದರೆ ಅದು ಲಿಗ್ನಿನ್ನೇ ಆಗಬೇಕಿಲ್ಲ, ಹೊರಬಂದ ಆ ಜಿಡ್ಡೂ ಇರಬಹುದು.

ಪ್ರಶ್ನೆ: ಆಂಟಿ, ನಮ್ಮ ಮನೆ ಹಿಂದೆ ಕೆಸು ಇದೆ. ಅದರ ಎಲೆ ಮೇಲೆ ನೀರು ಮುತ್ತಿನ ಹಾಗೆ ಉರುಳುತ್ತದೆ. ನಿಮ್ಮ ಸೂಜಿಯಿಂದ ಅದರ ಗುಟ್ಟು ಗೊತ್ತಾಗುತ್ತದಾ?
— ಏಳನೇ ತರಗತಿ, ತೀರ್ಥಹಳ್ಳಿ

ಉತ್ತರ: ಪುಟ್ಟಿ, ಈ ಗುಟ್ಟು ಹುಡುಕಲು ನನ್ನ ಸೂಜಿ ಸರಿಯಾದ ಉಪಕರಣ ಅಲ್ಲ. ಕೆಸು, ತಾವರೆ ಎಲೆಗಳ ಮೇಲೆ ಸಣ್ಣ ಸಣ್ಣ ಉಬ್ಬುಗಳಿವೆ. ಆ ಉಬ್ಬುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳಿವೆ. ಸೂಜಿ ಉಬ್ಬುಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಹರಳುಗಳನ್ನು ಮುರಿಯುತ್ತದೆ. ಇದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ವಾಸಿ. ಜರ್ಮನಿಯ ಬಾನ್‌ನ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹುಯಿಸ್ ಅದರಿಂದಲೇ ನೋಡಿ 1997ರಲ್ಲಿ ತಾವರೆ ಎಲೆ ಯಾಕೆ ಕೊಳೆಯಾಗುವುದಿಲ್ಲ ಅಂತ ಬರೆದರು.

ನಯವಾದ ಮೇಣದ ಮೇಲೆ ಹನಿಯ ಕೋನ ಸುಮಾರು 110 ಡಿಗ್ರಿವರೆಗೆ ಬರುತ್ತದೆ. ತಾವರೆ ಎಲೆಯಲ್ಲಿ 150 ದಾಟುತ್ತದೆ. ಆ ಹೆಚ್ಚಿನ ಪಾಲು ಉಬ್ಬು ಮತ್ತು ಹರಳಿನ ಆಕಾರದ ಕೆಲಸ. ನೀನೇ ಮಾಡಿ ನೋಡು: ಕೆಸುವಿನ ಎಲೆಯ ಒಂದು ಭಾಗವನ್ನು ಹತ್ತಿಯಿಂದ ಚೆನ್ನಾಗಿ ಉಜ್ಜು. ಕೈಗೆ ತುರಿಕೆ ಆಗಬಹುದು, ಕವರ್ ಹಾಕಿಕೊ. ಆಮೇಲೆ ನೀರು ಬಿಡು. ಉಜ್ಜಿದ ಕಡೆ ಹನಿ ಉರುಳುವುದಿಲ್ಲ, ಅಂಟಿ ನಿಲ್ಲುತ್ತದೆ.

ಇನ್ನೊಂದು ಮಾಡು. ಗಿಡದಿಂದ ಬಿಡಿಸಿದ ಹತ್ತಿ ಸ್ವಲ್ಪ, ಮೆಡಿಕಲ್ ಅಂಗಡಿಯ ಹತ್ತಿ ಸ್ವಲ್ಪ ತಂದು ಎರಡನ್ನೂ ಲೋಟದ ನೀರಿನ ಮೇಲೆ ಮೆಲ್ಲಗೆ ಇಡು. ಅಂಗಡಿಯದು ತಕ್ಷಣ ನೀರು ಕುಡಿದು ಮುಳುಗುತ್ತದೆ. ಗಿಡದ್ದು ತೇಲುತ್ತದೆ. ಎರಡೂ ಸೆಲ್ಯುಲೋಸೇ. ಗಿಡದ ಹತ್ತಿಯ ಮೈಮೇಲೆ ನೂರಕ್ಕೆ ಒಂದು ಭಾಗದಷ್ಟೂ ಇಲ್ಲದ ಮೇಣ ಇದೆ, ಅಷ್ಟೇ ವ್ಯತ್ಯಾಸ. ಅಂಗಡಿ ಹತ್ತಿಯನ್ನು ಕ್ಷಾರದಲ್ಲಿ ಕುದಿಸಿ ಆ ಮೇಣ ತೆಗೆದಿರುತ್ತಾರೆ. ಏನಾಯಿತು ಅಂತ ನನಗೆ ಬರೆದು ತಿಳಿಸು.

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟ್‌ಗೆ ತೊಗರಿ ಕಡ್ಡಿಯ ಮೇಲೆ ಈ ಕೆಲಸ ಮಾಡುವ ಆಸೆ. ನಮ್ಮ ವಿಭಾಗದಲ್ಲಿ ಎಎಫ್‌ಎಂ ಇಲ್ಲ. ಎಲ್ಲಿ ಕೇಳಬೇಕು?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಸೆನ್ಸ್' ಅನ್ನುವ ನ್ಯಾನೋ ವಿಜ್ಞಾನದ ಕೇಂದ್ರ ಇದೆ. ಹೊರಗಿನವರೂ ಅಲ್ಲಿನ ಉಪಕರಣ ಬಳಸಬಹುದು. ಬೇರೆ ಕಾಲೇಜುಗಳ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ತರಬೇತಿ ಕೊಟ್ಟು ಉಪಕರಣ ಬಳಸಲು ಬಿಡುವ ಐಎನ್‌ಯುಪಿ ಅನ್ನುವ ಕೇಂದ್ರ ಸರ್ಕಾರದ ಯೋಜನೆಯೂ ಅಲ್ಲಿ ನಡೆಯುತ್ತದೆ. ದೇಶದ ಸಂಶೋಧನಾ ಉಪಕರಣಗಳ ಪಟ್ಟಿ ಇರುವ ಐ-ಸ್ಟೆಮ್ ಪೋರ್ಟಲ್‌ನಲ್ಲಿ ನೋಡಿದರೆ ನಿಮಗೆ ಹತ್ತಿರದ ಯಾವ ಸಂಸ್ಥೆಯಲ್ಲಿ ಎಎಫ್‌ಎಂ ಇದೆ ಅಂತಲೂ ಸಿಗುತ್ತದೆ.

ಅರ್ಜಿಯಲ್ಲಿ 'ತೊಗರಿ ಕಡ್ಡಿಯ ಮೇಲ್ಮೈ ಅಧ್ಯಯನ' ಅಂತ ಸುಮ್ನೆ ಬರೆಯಬೇಡಿ. ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಉದಾಹರಣೆಗೆ, ಕಾಸ್ಟಿಕ್‌ನಲ್ಲಿ ನೆನೆಸಿದ ಕಡ್ಡಿಗೂ ನೆನೆಸದ ಕಡ್ಡಿಗೂ ನೀರಿನೊಳಗೆ ಮೀಥೈಲ್ ಟಿಪ್‌ನ ಅಂಟು ಬದಲಾಗುತ್ತದಾ? ಹೋಲಿಕೆಗೆ ಶುದ್ಧ ಸೆಲ್ಯುಲೋಸ್ ಪದರ ಒಂದು, ಲಿಗ್ನಿನ್ ಪದರ ಒಂದು ಗಾಜಿನ ಮೇಲೆ ಮಾಡಿಕೊಂಡು ಹೋಗಿ. ಟಿಪ್‌ನ ಸಾಕ್ಷಿಗೆ ಧಾರವಾಡದವರಿಗೆ ಹೇಳಿದ ಆ ಚಿನ್ನದ ಗಾಜಿನ ಚೂರೂ ಜೊತೆಗಿರಲಿ. ರಸಾಯನ ಹಚ್ಚಿದ ಟಿಪ್‌ಗಳು ಸಿದ್ಧವಾಗಿಯೂ ಸಿಗುತ್ತವೆ, ಆದರೆ ಬರೀ ಟಿಪ್‌ಗಿಂತ ಬಹಳ ದುಬಾರಿ. ಥಯಾಲ್ ಕೊಂಡು ನೀವೇ ನೆನೆಸಿದರೆ ಖರ್ಚೂ ಕಡಿಮೆ, ಕೈಗೆ ಕೆಲಸವೂ ಬರುತ್ತದೆ. ಫ್ಯೂಮ್ ಹುಡ್ ಒಳಗೇ ಮಾಡಿ. ಕಡ್ಡಿಯನ್ನು ರಾಳದಲ್ಲಿ ಹುದುಗಿಸಿ ಕತ್ತರಿಸಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ, ರಾಳ ನಾರಿನೊಳಗೆ ಇಳಿದು ಅದರ ರಸಾಯನವನ್ನೇ ಅಳೆದ ಹಾಗಾಗುತ್ತದೆ. ಹೊಸ ಬ್ಲೇಡಿನಿಂದ ಅಳೆಯುವ ದಿನವೇ ಕತ್ತರಿಸಿ. ನಿಮ್ಮ ಗೈಡ್ ಒಪ್ಪಿದರೆ ಅರ್ಜಿಯ ಕರಡನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ, ನಾನು ಓದಿ ಬರೆಯುತ್ತೇನೆ.